ಲೋಹದ ಗ್ರೇನ್ ಸಣ್ಣದು ಮಾಡುವುದು ಹೇಗೆ? ಕೊಡಗಿನ ವರ್ಕ್‌ಶಾಪುಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಪೊನ್ನಂಪೇಟೆ, ಕುಶಾಲನಗರದ ಇಂಜಿನಿಯರಿಂಗ್ ವಿದ್ಯಾರ್ಥಿಗಳು, ಗೋಣಿಕೊಪ್ಪ–ವಿರಾಜಪೇಟೆ ಕಡೆಯ ಲೇತ್ ಮಾಲೀಕರು, ಆಗೊಮ್ಮೆ ಈಗೊಮ್ಮೆ ಕಾಫಿ ಬೆಳೆಗಾರರು ಕೇಳುವ ಪ್ರಶ್ನೆಗಳಿವು. ಲೋಹವೆಂದರೆ ಒಂದಕ್ಕೊಂದು ಅಂಟಿಕೊಂಡ ಸಣ್ಣ ಹರಳುಗಳ ರಾಶಿ, ಒಂದೊಂದು ಹರಳೇ ಒಂದು ಗ್ರೇನ್; ಅದು ಸಣ್ಣದಾದಷ್ಟೂ ಲೋಹ ಗಟ್ಟಿ. 20 ಟನ್ನಿನ ಗ್ಯಾರೇಜ್ ಪ್ರೆಸ್ಸು, ಒಂದು ಲೇತು, ಒಂದು ಸಣ್ಣ ಮಫಲ್ ಕುಲುಮೆ ಇರುವ ಜಾಗವನ್ನು ಮನಸ್ಸಿನಲ್ಲಿಟ್ಟು ಉತ್ತರ ಬರೆದಿದ್ದೇವೆ.

ತೀವ್ರ ಪ್ಲಾಸ್ಟಿಕ್ ವಿರೂಪಣ ಅಂದರೇನು? ರೋಲಿಂಗ್, ಫೋರ್ಜಿಂಗ್‌ಗಿಂತ ಹೇಗೆ ಬೇರೆ?

ರೋಲಿಂಗ್‌ನಲ್ಲಿ ಲೋಹಕ್ಕೆ ಸ್ಟ್ರೇನ್ (ವಿರೂಪದ ಪ್ರಮಾಣ) ಹೆಚ್ಚಿಸುತ್ತಾ ಹೋದಂತೆ ತಗಡು ತೆಳ್ಳಗಾಗುತ್ತಾ ಹೋಗುತ್ತದೆ. 32 ಮಿ.ಮೀ. ದಪ್ಪದ ತಟ್ಟೆಯನ್ನು 1 ಮಿ.ಮೀ.ಗೆ ಇಳಿಸಿದರೆ ಸಿಗುವ ಸ್ಟ್ರೇನ್ ಸುಮಾರು 4. ಅಷ್ಟು ಹೊತ್ತಿಗೆ ಕೈಯಲ್ಲಿ ಉಳಿಯುವುದು ತಗಡು ಮಾತ್ರ. ತೀವ್ರ ಪ್ಲಾಸ್ಟಿಕ್ ವಿರೂಪಣ, ಅಂದರೆ ಲೋಹಕ್ಕೆ ಅತಿ ಹೆಚ್ಚು ಕಾಯಂ ವಿರೂಪ ಕೊಡುವ ವಿಧಾನಗಳ ಜಾಣ್ಮೆ ಇರುವುದೇ ಆ ಮಿತಿಯನ್ನು ದಾಟುವುದರಲ್ಲಿ. ತುಂಡಿನ ಆಕಾರ, ಅಳತೆ ಮೊದಲಿದ್ದಂತೆಯೇ ಉಳಿಯುತ್ತದೆ, ಸ್ಟ್ರೇನ್ ಮಾತ್ರ ಒಳಗೆ ಸೇರುತ್ತಾ ಹೋಗುತ್ತದೆ. ಹಾಗಾಗಿ ಅದೇ ತುಂಡನ್ನು ಮತ್ತೆ ಮತ್ತೆ ಹಾಕಬಹುದು.

ಒಳಗೆ ಆಗುವುದಿಷ್ಟು: ಮೊದಲು ಹರಳಿನ ಪರಮಾಣು ಸಾಲುಗಳ ದೋಷಗೆರೆಗಳಾದ ಡಿಸ್‌ಲೊಕೇಶನ್‌ಗಳು ಸಿಕ್ಕುಗಟ್ಟುತ್ತವೆ, ಆಮೇಲೆ ಸಾಲುಗಟ್ಟಿ ಗೋಡೆಗಳಾಗುತ್ತವೆ. ಈ ಗೋಡೆಗಳ ಆಚೀಚೆಯ ಭಾಗಗಳ ನಡುವಿನ ಕೋನ ಸ್ಟ್ರೇನ್ ಏರಿದಂತೆ ಹೆಚ್ಚುತ್ತದೆ. ಅದು 15 ಡಿಗ್ರಿ ದಾಟಿದಾಗ ಅಲ್ಲೊಂದು ನಿಜವಾದ ಗ್ರೇನ್ ಗಡಿ ಹುಟ್ಟಿತು ಅನ್ನುತ್ತಾರೆ. 1 ಮೈಕ್ರಾನ್‌ಗಿಂತ ಸಣ್ಣ ಗ್ರೇನ್ ಇದ್ದರೆ ಅದು ಅತಿಸೂಕ್ಷ್ಮ, 100 ನ್ಯಾನೊಮೀಟರ್‌ಗಿಂತ ಕೆಳಗಿದ್ದರೆ ನ್ಯಾನೊ. ನಮ್ಮ ಕೆಲಸ ಬಹುಪಾಲು ಮೊದಲನೆಯ ಗುಂಪಿನಲ್ಲೇ ನಿಲ್ಲುತ್ತದೆ, ನ್ಯಾನೊ ಎಂದು ಬರೆದುಕೊಳ್ಳಬೇಡಿ.

ಭಾರೀ ಒತ್ತಡದ ಜೊತೆಗೆ ತಿರುಚುವ ಪ್ರಯೋಗಗಳನ್ನು 1930ರ ದಶಕದಲ್ಲೇ ಬ್ರಿಜ್‌ಮನ್ ಮಾಡಿದ್ದರು. ಅಧಿಕ ಒತ್ತಡದ ಕೆಲಸಕ್ಕಾಗಿ 1946ರ ಭೌತಶಾಸ್ತ್ರ ನೊಬೆಲ್ ಅವರಿಗೆ ಬಂತು. ಬಾಗಿದ ಚಾನೆಲ್ಲಿನ ಮೂಲಕ ಲೋಹ ತಳ್ಳುವ ವಿಧಾನ 1970ರ ದಶಕದಲ್ಲಿ ಮಿನ್ಸ್ಕ್‌ನಲ್ಲಿ ಸೆಗಲ್ ಅವರದು. ಅದನ್ನು ಗ್ರೇನ್ ಸಣ್ಣದು ಮಾಡುವ ದಾರಿಯಾಗಿ ಲೋಕಕ್ಕೆ ಪರಿಚಯಿಸಿದ್ದರಲ್ಲಿ ಉಫಾದ ವಲಿಯೆವ್ ಅವರ ಪಾಲು ದೊಡ್ಡದು. ತಗಡು ಮಡಚಿ ರೋಲ್ ಮಾಡುವ ವಿಧಾನ 1990ರ ದಶಕದ ಕೊನೆಯಲ್ಲಿ ಒಸಾಕಾದಿಂದ ಬಂತು.

ಗ್ರೇನ್ ಸಣ್ಣದಾದರೆ ಲೋಹ ಎಷ್ಟು ಗಟ್ಟಿಯಾಗುತ್ತದೆ?

1951ರಲ್ಲಿ ಹಾಲ್, 1953ರಲ್ಲಿ ಪೆಚ್ ತೋರಿಸಿದ ಲೆಕ್ಕವೇ ಇಂದಿಗೂ ಆಧಾರ. ಯೀಲ್ಡ್ ಬಲದಲ್ಲಿ (ಲೋಹ ಕಾಯಂ ವಿರೂಪವಾಗಲು ಶುರುವಾಗುವ ಒತ್ತಡದಲ್ಲಿ) ಆಗುವ ಏರಿಕೆ ಗ್ರೇನ್ ಗಾತ್ರದ ವರ್ಗಮೂಲಕ್ಕೆ ವಿಲೋಮ. ಶುದ್ಧ ಅಲ್ಯುಮಿನಿಯಂನ ಗುಣಾಂಕವನ್ನು ಸುಮಾರು 0.07 ಎಂದು (ಮೆಗಾಪಾಸ್ಕಲ್, ಮೀಟರ್ ವರ್ಗಮೂಲದ ಲೆಕ್ಕದಲ್ಲಿ) ಇಟ್ಟುಕೊಳ್ಳಿ. 50 ಮೈಕ್ರಾನ್ ಗ್ರೇನ್ ಇದ್ದಾಗ ಗಡಿಗಳಿಂದ ಸಿಗುವುದು 10 ಮೆಗಾಪಾಸ್ಕಲ್, 1 ಮೈಕ್ರಾನ್ ಆದಾಗ 70. ಅಂದರೆ 60 ಮೆಗಾಪಾಸ್ಕಲ್ ಲಾಭ. ಅನೀಲ್ ಮಾಡಿದ, ಅಂದರೆ ಕಾಯಿಸಿ ಮೆತ್ತಗೆ ಮಾಡಿದ ಶುದ್ಧ ಅಲ್ಯುಮಿನಿಯಂನ ಯೀಲ್ಡ್ ಬಲವೇ 30ರ ಆಸುಪಾಸಿನಲ್ಲಿರುವಾಗ ಇದು ಸಣ್ಣದಲ್ಲ. ಆದರೆ ಉಕ್ಕಿನ ಪಕ್ಕದಲ್ಲಿಟ್ಟರೆ ಏನೂ ಅಲ್ಲ. ಪ್ರಾಜೆಕ್ಟ್ ವರದಿಯಲ್ಲಿ ‘ಉಕ್ಕಿನಷ್ಟು ಗಟ್ಟಿ ಅಲ್ಯುಮಿನಿಯಂ’ ಎಂದು ಬರೆಯುವ ಮುನ್ನ ಈ ಲೆಕ್ಕ ಒಮ್ಮೆ ಮಾಡಿ ನೋಡಿ.

ನಮ್ಮಲ್ಲಿರುವ ಸಲಕರಣೆಯಲ್ಲಿ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ?

ಬಹುದಿಕ್ಕಿನ ಫೋರ್ಜಿಂಗ್ ಖಂಡಿತ ಆಗುತ್ತದೆ, ಅದಕ್ಕೆ ಡೈ (ಅಚ್ಚು) ಕೂಡ ಬೇಡ. ಸಮಕೋನ ಚಾನೆಲ್ ಪ್ರೆಸ್ಸಿಂಗ್, ಅಂದರೆ ಎಲ್ಲರೂ ಇಕ್ಯಾಪ್ ಎನ್ನುವುದು, ಒಳ್ಳೆಯ ಡೈ ಮಾಡಿಸಿಕೊಂಡರೆ ಆಗುತ್ತದೆ. ಮಡಚಿ ರೋಲ್ ಮಾಡುವ ಎಆರ್‌ಬಿ ಅಗಲ ಕಮ್ಮಿ ಇದ್ದರೆ ಆಗುತ್ತದೆ.

ಒತ್ತಿ ತಿರುಚುವ ಎಚ್‌ಪಿಟಿ ಆಗುವುದಿಲ್ಲ. ಅದರಲ್ಲಿ 10 ಮಿ.ಮೀ. ವ್ಯಾಸ, 0.8 ಮಿ.ಮೀ. ದಪ್ಪದ ಬಿಲ್ಲೆಯನ್ನು 6 ಗಿಗಾಪಾಸ್ಕಲ್‌ನಲ್ಲಿ ಒತ್ತಿ ಹಿಡಿದು ತಿರುಗಿಸಬೇಕು. ಒತ್ತಲಿಕ್ಕೇ ಸುಮಾರು 48 ಟನ್ ಬೇಕು, ಅಷ್ಟು ಭಾರ ಹೊತ್ತುಕೊಂಡೇ ತಿರುಗುವ ವ್ಯವಸ್ಥೆ ಬೇಕು, ಜೊತೆಗೆ ಟಂಗ್‌ಸ್ಟನ್ ಕಾರ್ಬೈಡ್ ಅಥವಾ ಅಂಥದ್ದೇ ಗಡಸಿನ ಅಡಿಗಲ್ಲು ಬೇಕು. ಒಂದೇ ಸುತ್ತಿನಲ್ಲಿ ಬಿಲ್ಲೆಯ ಅಂಚಿಗೆ 22ಕ್ಕೂ ಹೆಚ್ಚು ಸ್ಟ್ರೇನ್ ಸಿಗುತ್ತದೆ ನಿಜ, ನಟ್ಟನಡುವೆ ಮಾತ್ರ ಲೆಕ್ಕದ ಪ್ರಕಾರ ಸೊನ್ನೆ. ಗ್ಯಾರೇಜ್ ಪ್ರೆಸ್ಸಿನ ಕೆಳಗೆ ಬಿಲ್ಲೆ ಇಟ್ಟು ಪೈಪ್ ಹಾಕಿ ತಿರುಗಿಸಲು ನೋಡಿದವರಿದ್ದಾರೆ. ಬಿಲ್ಲೆ ಜಾರುತ್ತದೆ, ಬೇರಿಂಗ್ ಹಾಳಾಗುತ್ತದೆ, ಸ್ಟ್ರೇನ್ ಬರುವುದಿಲ್ಲ.

ಕಾಲೇಜಿನಲ್ಲಿ 40 ಟನ್ನಿನ ಯುಟಿಎಂ (ಭಾರ ಅಳೆಯುತ್ತಾ ಎಳೆಯುವ, ಒತ್ತುವ ಪರೀಕ್ಷಾ ಯಂತ್ರ) ಇದ್ದರೆ ಪ್ರೆಸ್ಸಿಗಿಂತ ಅದೇ ಮೇಲು. ಪಂಪ್ ಹಿಡಿಯನ್ನು ಕೈಯಲ್ಲಿ ಒತ್ತುವ ಪ್ರೆಸ್ಸಿನಲ್ಲಿ ವೇಗ ಒಂದೇ ಸಮ ಇರುವುದಿಲ್ಲ, ಎಷ್ಟು ಭಾರ ಬಿತ್ತು ಎಂಬುದೂ ತಿಳಿಯುವುದಿಲ್ಲ. ಯುಟಿಎಂ ಕೊಡುವ ಭಾರದ ಗ್ರಾಫ್ ನೋಡಿದರೆ ಒಳಗೆ ಎಣ್ಣೆ ಆರಿತೋ ಪ್ಲಂಜರ್ (ಲೋಹವನ್ನು ಡೈಯೊಳಗೆ ತಳ್ಳುವ ಉಕ್ಕಿನ ಕಡ್ಡಿ) ಬಾಗುತ್ತಿದೆಯೋ ಮೊದಲೇ ಗೊತ್ತಾಗುತ್ತದೆ.

ಡೈ ಇಲ್ಲದೆ ಶುರು ಮಾಡುವುದು ಹೇಗೆ?

ಬಹುದಿಕ್ಕಿನ ಫೋರ್ಜಿಂಗ್‌ಗೆ ತುಂಡಿನ ಮೂರು ಬದಿಗಳ ಅಳತೆ 1.5 : 1.22 : 1 ಇರಬೇಕು. ಉದಾಹರಣೆಗೆ 15, 12.25, 10 ಮಿ.ಮೀ. ಉದ್ದದ ಬದಿಯನ್ನು, ಅಂದರೆ 15ನ್ನು, 10ಕ್ಕೆ ಒತ್ತಿ. ಆಗ 12.25 ಇದ್ದದ್ದು 15 ಆಗುತ್ತದೆ, 10 ಇದ್ದದ್ದು 12.25 ಆಗುತ್ತದೆ. ಅಳತೆ ಮೂರೂ ಹಾಗೇ, ದಿಕ್ಕು ಮಾತ್ರ ಬದಲು. ತುಂಡನ್ನು ತಿರುಗಿಸಿ ಹೊಸ ಉದ್ದದ ಬದಿಯನ್ನು ನಿಲ್ಲಿಸಿ ಮತ್ತೆ 10ಕ್ಕೆ ಒತ್ತಿ. ಒಂದು ಒತ್ತಿಗೆ ಸ್ಟ್ರೇನ್ 0.4. ಹತ್ತು ಒತ್ತು ಮುಗಿದರೆ 4.

ಈ ಅಳತೆಯ ವಾಣಿಜ್ಯ ಶುದ್ಧ ಅಲ್ಯುಮಿನಿಯಂ ತುಂಡಿಗೆ ಕೊನೆಕೊನೆಗೆ 3.5 ಟನ್ ಸಾಕು. ಎರಡು ಬದಿಯಲ್ಲೂ 10 ಮಿ.ಮೀ. ಎತ್ತರದ ಗಟ್ಟಿ ಉಕ್ಕಿನ ತಡೆತುಂಡು ಇಡಿ, ಪ್ರೆಸ್ಸು ಅಲ್ಲಿಗೇ ನಿಲ್ಲುತ್ತದೆ. ಇಲ್ಲದಿದ್ದರೆ ಒಂದು ಒತ್ತು 9.6, ಇನ್ನೊಂದು 10.3 ಆಗಿ ನಾಲ್ಕನೆಯದಕ್ಕೆ ಲೆಕ್ಕವೇ ತಪ್ಪುತ್ತದೆ.

ತೊಂದರೆ ಎರಡು. ಮೊದಲನೆಯದು ಹೊಟ್ಟೆ ಬರುವುದು: ಒತ್ತುವ ಮುಖದಲ್ಲಿ ಘರ್ಷಣೆ ಇರುವುದರಿಂದ ನಡುಭಾಗ ಉಬ್ಬುತ್ತದೆ. ಮುಖಕ್ಕೆ ಟೆಫ್ಲಾನ್ ಟೇಪ್ ಎರಡು ಪದರ ಹಾಕಿ. ಉಬ್ಬನ್ನು ಪ್ರತಿ ಮೂರು ಒತ್ತಿಗೊಮ್ಮೆ ಅರದಿಂದ ಸಮ ಮಾಡಿ, ಹಾಗೇ ಬಿಟ್ಟು ತಿರುಗಿಸಿದರೆ ಮಡಿಕೆ ಬಿದ್ದು ಬಿರುಕಾಗುತ್ತದೆ. ಎರಡನೆಯದು ಸ್ಟ್ರೇನ್ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ನಡುವೆ ಹೆಚ್ಚು, ಒತ್ತುವ ಮುಖದ ಬಳಿ ಕಮ್ಮಿ. ಗಡಸುತನ ನೋಡುವಾಗ ತುಂಡನ್ನು ನಡುವೆ ಸೀಳಿ ನೋಡಿ, ಮೇಲ್ಮೈಯ ಅಂಕಿ ನಂಬಬೇಡಿ.

ಇಕ್ಯಾಪ್ ಡೈ ಮಾಡಿಸುವುದು ಹೇಗೆ? ಯಾವ ಕೋನ, ಯಾವ ಉಕ್ಕು?

ಒಂದೇ ಅಡ್ಡಕೊಯ್ತದ ಎರಡು ಚಾನೆಲ್ ಕೂಡುವ ಕೋನ 90 ಡಿಗ್ರಿ, ಹೊರಮೂಲೆಯ ಬಾಗು 20 ಡಿಗ್ರಿ ಇದ್ದರೆ ಒಂದು ಪಾಸಿಗೆ (ಒಂದು ಸಲ ತಳ್ಳಿದ್ದಕ್ಕೆ) ಸ್ಟ್ರೇನ್ 1.05. ಕೋನವನ್ನು 120 ಮಾಡಿದರೆ 0.64ಕ್ಕೆ ಇಳಿಯುತ್ತದೆ, ಬೇಕಾದ ಭಾರವೂ ಇಳಿಯುತ್ತದೆ. ಅಲ್ಯುಮಿನಿಯಂ, ತಾಮ್ರಕ್ಕೆ 90 ಇರಲಿ. ಬಿರುಕು ಬಿಡುವ ಮಿಶ್ರಲೋಹಕ್ಕೆ 120.

10 ಮಿ.ಮೀ. ದುಂಡು ಚಾನೆಲ್ಲಿಗೆ ಲೆಕ್ಕ ನೋಡಿ. ಬಿಲೆಟ್ (ಒಳಗೆ ತಳ್ಳುವ ಲೋಹದ ತುಂಡು) ಉದ್ದ 60 ಮಿ.ಮೀ., ಗ್ರೀಸ್ ಚೆನ್ನಾಗಿದೆ, ಘರ್ಷಣೆ ಅಂಶ 0.1 ಎಂದಿಟ್ಟುಕೊಂಡರೆ ಪ್ಲಂಜರ್ ಮುಖದಲ್ಲಿ ಬೇಕಾದ ಒತ್ತಡ ಲೋಹದ ಶಿಯರ್ ಬಲದ (ಪದರಗಳನ್ನು ಒಂದರ ಮೇಲೊಂದು ಜಾರಿಸಲು ಬೇಕಾದ ಒತ್ತಡದ) 4.6 ಪಟ್ಟು. ಅದರಲ್ಲಿ ಮೂಲೆ ದಾಟಿಸುವ ಪಾಲು 2.2 ಮಾತ್ರ, ಉಳಿದ 2.4 ಬರೀ ಗೋಡೆ ಉಜ್ಜುವುದಕ್ಕೆ ಹೋಗುತ್ತದೆ. ಯೀಲ್ಡ್ 150 ಮೆಗಾಪಾಸ್ಕಲ್‌ಗೆ ಏರಿದ ಅಲ್ಯುಮಿನಿಯಂಗೆ ಇದು 400 ಮೆಗಾಪಾಸ್ಕಲ್, ಅಂದರೆ 3.2 ಟನ್. ಯೀಲ್ಡ್ 400 ಮುಟ್ಟಿದ ತಾಮ್ರಕ್ಕೆ 1,060 ಮೆಗಾಪಾಸ್ಕಲ್, 8.5 ಟನ್. ಪ್ರೆಸ್ಸಿಗೆ ಇದು ಲೆಕ್ಕಕ್ಕೇ ಇಲ್ಲ. ಬಹಳ ಜನ ಎಡವುವುದು ಇಲ್ಲಿ: ಪ್ರೆಸ್ಸು 3 ಟನ್ ಒತ್ತುವಾಗ ಡೈಯ ಎರಡು ಹೋಳುಗಳನ್ನು ಪಕ್ಕಕ್ಕೆ ಬಿಚ್ಚುವ ಬಲ 9 ಟನ್ನಿನ ಹತ್ತಿರ ಇರುತ್ತದೆ. ತಾಮ್ರಕ್ಕೆ ಅದು 23 ಟನ್. ಉದ್ದದ ಚಾನೆಲ್ಲಿನ ಪೂರ್ತಿ ಮೈಮೇಲೆ ಒತ್ತಡ ಕೂತಿರುವುದೇ ಕಾರಣ.

ಹಾಗಾಗಿ ಬೋಲ್ಟಿನಲ್ಲಿ ಕಂಜೂಸಿ ಬೇಡ. 12 ಮಿ.ಮೀ.ಯ 12.9 ದರ್ಜೆಯ ಅಲೆನ್ ಬೋಲ್ಟು ಎಂಟು ಹಾಕಿ, ಎಣ್ಣೆ ಹಚ್ಚಿ ಟಾರ್ಕ್ ರೆಂಚಿನಲ್ಲಿ 110–120 ನ್ಯೂಟನ್ ಮೀಟರ್‌ಗೆ ಬಿಗಿಯಿರಿ. ಒಂದೊಂದು ಬೋಲ್ಟು 6 ಟನ್ ಆಸುಪಾಸು ಹಿಡಿದಿಡುತ್ತದೆ. ಗ್ಯಾರೇಜಿನಲ್ಲಿ ಸಿಗುವ 8.8 ದರ್ಜೆ ಹಾಕಿದರೆ ಹೋಳುಗಳ ನಡುವೆ ಕೂದಲಿನಷ್ಟು ಸಂದು ಬಿಡಬಹುದು. ಆ ಸಂದಿಗೆ ಅಲ್ಯುಮಿನಿಯಂ ರೆಕ್ಕೆಯಾಗಿ ನುಗ್ಗುತ್ತದೆ, ಮುಂದಿನ ಪಾಸಿಗೆ ಬಿಲೆಟ್ ಒಳಗೇ ಹೋಗುವುದಿಲ್ಲ.

ಡೈಗೆ ಎಚ್13 ಉಕ್ಕು, ಗಡಸು 50–52 ರಾಕ್‌ವೆಲ್ ಸಿ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶ ಅಥವಾ ಮಂಗಳೂರಿನ ಬೈಕಂಪಾಡಿ ಕಡೆ ಸಿಎನ್‌ಸಿ, ವ್ಯಾಕ್ಯೂಮ್ ಹಾರ್ಡನಿಂಗ್ ವಿಚಾರಿಸಿ. ಗಡಸು ಮಾಡಿದ ಮೇಲೆ ಡೈ ತುಸು ಬಾಗುತ್ತದೆ, ಆದ್ದರಿಂದ ಕೂಡುವ ಮುಖಗಳಿಗೆ 0.2 ಮಿ.ಮೀ. ಬಿಟ್ಟು, ಕೊನೆಗೆ ಗ್ರೈಂಡ್ ಮಾಡಿಸಿ. ಚಾನೆಲ್ಲನ್ನು ಕೊನೆಗೆ ವಜ್ರದ ಪೇಸ್ಟಿನಿಂದ ಉಜ್ಜಿ. ಉಜ್ಜುವ ಗೀರು ಚಾನೆಲ್ಲಿನ ಉದ್ದಕ್ಕೇ ಇರಲಿ, ಅಡ್ಡ ಗೀರಿಗೆ ಅಲ್ಯುಮಿನಿಯಂ ಹಿಡಿದುಕೊಳ್ಳುತ್ತದೆ.

ಒಳದಾರಿ 10.00 ಇದ್ದರೆ ಹೊರದಾರಿ 9.95 ಇರಲಿ. ಹೊರಬಂದ ಬಿಲೆಟ್ ಅರ ಮುಟ್ಟಿಸದೆ ಮತ್ತೆ ಒಳಗೆ ಹೋಗುತ್ತದೆ. ಈ ಒಂದು ಅಳತೆ ಬರೆಯಲು ಮರೆತರೆ ಪ್ರತಿ ಪಾಸಿಗೂ ಎಮರಿ ಹಿಡಿದು ಕೂರಬೇಕು.

ಪ್ಲಂಜರ್ ಬಾಗುತ್ತದೆ, ಮುರಿಯುತ್ತದೆ. ಏನು ಮಾಡುವುದು?

10 ಮಿ.ಮೀ. ವ್ಯಾಸಕ್ಕೆ 65–70 ಮಿ.ಮೀ. ಉದ್ದದ ಪ್ಲಂಜರ್ ಅಲ್ಯುಮಿನಿಯಂಗೆ ತಡೆಯುತ್ತದೆ. ತಾಮ್ರದಲ್ಲಿ ಪ್ರೆಸ್ಸಿನ ತಲೆ ಸ್ವಲ್ಪ ಆಡುತ್ತಿದ್ದರೂ ಬಾಗುತ್ತದೆ. ಎರಡು ಪ್ಲಂಜರ್ ಮಾಡಿಟ್ಟುಕೊಳ್ಳಿ: ಮೊದಲ ಅರ್ಧಕ್ಕೆ 35 ಮಿ.ಮೀ.ಯದು, ಉಳಿದದ್ದಕ್ಕೆ ಉದ್ದದ್ದು. ಉದ್ದದ್ದನ್ನು ಇಳಿಸುವ ಹೊತ್ತಿಗೆ ಅದರ ಅರ್ಧ ಮೈ ಚಾನೆಲ್ಲಿನ ಆಸರೆಯಲ್ಲಿರುತ್ತದೆ. ಡಿ2 ಉಕ್ಕು, ಗಡಸು 56–58. ಗಟ್ಟಿ ಹೆಚ್ಚಿದ್ದಷ್ಟೂ ಒಳ್ಳೆಯದೆಂದು 62ಕ್ಕೆ ಏರಿಸಿದರೆ ಅದು ಬಾಗುವುದಿಲ್ಲ, ಸಿಡಿಯುತ್ತದೆ. ಸಿಡಿದ ಚೂರು ಎದೆಮಟ್ಟದಲ್ಲೇ ಹಾರುತ್ತದೆ. 10 ಮಿ.ಮೀ. ಪಾಲಿಕಾರ್ಬನೇಟ್ ಹಾಳೆಯ ಮರೆ ಇಲ್ಲದೆ ಪ್ರೆಸ್ಸಿನ ಎದುರು ಯಾರೂ ನಿಲ್ಲಬಾರದು, ಫೋಟೊ ತೆಗೆಯುವವರೂ ಸೇರಿ.

ಪಾಸಿನ ನಡುವೆ ಬಿಲೆಟ್ ತಿರುಗಿಸುವುದು ಏಕೆ? ಯಾವ ರೂಟ್ ಒಳ್ಳೆಯದು?

ತಿರುಗಿಸದೆ ಹಾಕಿದರೆ ಎ ರೂಟ್, ಪ್ರತಿ ಸಲ ಒಂದೇ ದಿಕ್ಕಿನಲ್ಲಿ 90 ಡಿಗ್ರಿ ತಿರುಗಿಸಿದರೆ ಬಿ-ಸಿ (Bc), 180 ತಿರುಗಿಸಿದರೆ ಸಿ. 90 ಡಿಗ್ರಿ ಡೈಯಲ್ಲಿ ದುಂಡಗಿನ, ಸಮನಾದ ಗ್ರೇನ್ ಬೇಗ ಸಿಗುವುದು ಬಿ-ಸಿ ರೂಟಿನಲ್ಲಿ. ಬೇರೆ ಕಾರಣ ಇಲ್ಲದಿದ್ದರೆ ಅದನ್ನೇ ಹಿಡಿಯಿರಿ. ನಾಲ್ಕು ಪಾಸಿಗೆ ಸ್ಟ್ರೇನ್ 4.2 ಆಗುತ್ತದೆ, ಎಂಟು ಪಾಸಿಗೆ ಅಡ್ಡಕೊಯ್ತದ ಉದ್ದಗಲಕ್ಕೂ ಗಡಸು ಬಹುಮಟ್ಟಿಗೆ ಸಮ ಆಗುತ್ತದೆ. ಬಿಲೆಟ್‌ನ ಹಿಂತುದಿಗೆ ಸೆಂಟರ್ ಪಂಚಿನಿಂದ ಅಂಚಿನ ಹತ್ತಿರ ಒಂದು ಗುರುತು ಹಾಕಿ. ಮಾರ್ಕರ್ ಬರಹ ಗ್ರೀಸಿನಲ್ಲಿ ಅಳಿಸಿಹೋಗುತ್ತದೆ, ಮೂರನೆಯ ಪಾಸಿಗೆ ಯಾವ ಬದಿ ಮೇಲಿತ್ತು ಎಂದು ಯಾರಿಗೂ ನೆನಪಿರುವುದಿಲ್ಲ.

ಮೊದಲ ಬಿಲೆಟ್ ಹೊರದಾರಿಯಲ್ಲೇ ಉಳಿಯುತ್ತದೆ, ಹಿಂದಿನಿಂದ ಬರುವ ಎರಡನೆಯದು ಅದನ್ನು ತಳ್ಳುತ್ತದೆ. ಕೊನೆಯದಕ್ಕೆ ಒಂದು ಬಲಿ ಬಿಲೆಟ್ ಹಾಕಿ. ಎರಡೂ ತುದಿಯ ಒಂದೊಂದು ವ್ಯಾಸದಷ್ಟು ಭಾಗದಲ್ಲಿ ಸ್ಟ್ರೇನ್ ಸರಿಯಾಗಿ ಬಿದ್ದಿರುವುದಿಲ್ಲ, ಪರೀಕ್ಷೆಗೆ ನಡುವಿನ 40 ಮಿ.ಮೀ. ಮಾತ್ರ ತೆಗೆದುಕೊಳ್ಳಿ.

ಬಿಲೆಟ್ ಮೇಲ್ಭಾಗದಲ್ಲಿ ಸಾಲು ಬಿರುಕು ಬರುತ್ತಿದೆ. ಕಾರಣ?

ಮೊದಲು ಕೇಳಬೇಕಾದದ್ದು ಅನೀಲಿಂಗ್ ಆಗಿದೆಯೇ ಎಂದು. ಅಂಗಡಿಯಿಂದ ತಂದ ರಾಡ್ ಎಳೆದು ಗಟ್ಟಿಯಾದದ್ದು. ವಾಣಿಜ್ಯ ಶುದ್ಧ ಅಲ್ಯುಮಿನಿಯಂಗೆ 350–400 ಡಿಗ್ರಿ ಸೆಲ್ಸಿಯಸ್, ಒಂದು ಗಂಟೆ ಸಾಕು. 6061 (ಮೆಗ್ನೀಸಿಯಂ, ಸಿಲಿಕಾನ್ ಸೇರಿದ ಅಲ್ಯುಮಿನಿಯಂ ಮಿಶ್ರಲೋಹ) ಆದರೆ 415 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಇಟ್ಟು, 260ರವರೆಗೆ ಗಂಟೆಗೆ 30 ಡಿಗ್ರಿಗಿಂತ ನಿಧಾನ ಇಳಿಸಬೇಕು. ಕುಲುಮೆ ಆರಿಸಿ ಬಾಗಿಲು ತೆರೆದರೆ ಅದು ಅರ್ಧ ಗಟ್ಟಿಯಾಗಿಯೇ ಉಳಿಯುತ್ತದೆ, ಎರಡನೆಯ ಪಾಸಿಗೆ ಬಿರುಕು ಖಚಿತ.

ಅನೀಲಿಂಗ್ ಸರಿಯಿದ್ದೂ ಬಿರುಕು ಬಂದರೆ ವೇಗ ನೋಡಿ. ಸೆಕೆಂಡಿಗೆ 1 ಮಿ.ಮೀ. ಅಥವಾ ಅದಕ್ಕೂ ಕಮ್ಮಿ ಇರಲಿ. ಆಮೇಲೆ ಒಳಮೂಲೆ: ಅದು ಕತ್ತಿಯಂಚಿನಂತೆ ಚೂಪಾಗಿದ್ದರೆ ಬಿಲೆಟ್ ಮೇಲ್ಮೈ ಹರಿಯುತ್ತದೆ, 0.5 ಮಿ.ಮೀ. ದುಂಡು ಕೊಡಿ. ಅಷ್ಟಾದರೂ ನಿಲ್ಲದಿದ್ದರೆ ಡೈಯನ್ನು ಕಾರ್ಟ್ರಿಜ್ ಹೀಟರಿನಿಂದ 150 ಡಿಗ್ರಿಗೆ ಬಿಸಿ ಮಾಡಿ. ಗ್ರೇನ್ ಸ್ವಲ್ಪ ದಪ್ಪವಾಗುತ್ತದೆ, ಬಿಲೆಟ್ ಉಳಿಯುತ್ತದೆ.

ಹಳೆಯ ಪಿಸ್ಟನ್ ಕರಗಿಸಿ ಎರಕ ಹೊಯ್ದ ಬಿಲೆಟ್ ತಂದವರಿಗೆ ಒಂದೇ ಮಾತು: ಅದರಲ್ಲಿ ಶೇ 12ರ ಆಸುಪಾಸು ಸಿಲಿಕಾನ್ ಇರುತ್ತದೆ, ತಣ್ಣಗೆ ತಳ್ಳಿದರೆ ತುಂಡು ತುಂಡಾಗಿಯೇ ಹೊರಬರುತ್ತದೆ. ಮೆಗ್ನೀಸಿಯಂ ಎಝಡ್31ಕ್ಕೆ 200–250 ಡಿಗ್ರಿ, ಟೈಟಾನಿಯಂಗೆ 400–450 ಡಿಗ್ರಿ ಬೇಕು. ಎರಡೂ ಮೊದಲ ವರ್ಷದ ಕೆಲಸವಲ್ಲ.

ಯಾವ ಗ್ರೀಸ್? ಮಳೆಗಾಲದಲ್ಲಿ ಏನಾದರೂ ಬದಲಿಸಬೇಕೇ?

ಬದಲಿಸಬೇಕು. ಮಾಲಿಬ್ಡಿನಂ ಡೈಸಲ್ಫೈಡ್ ಪುಡಿಯನ್ನು ಒಣಗಿದ್ದಾಗ ಉಜ್ಜಿ ಹಾಕುವ ಪದ್ಧತಿ ಬಯಲುಸೀಮೆಯಲ್ಲಿ ನಡೆಯುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಆ ಪದರದ ಜಾರುವ ಗುಣ ಇಳಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಕಕ್ಕಡ ತಿಂಗಳಲ್ಲಂತೂ (ಜುಲೈ–ಆಗಸ್ಟ್) ಖಂಡಿತ, ಪುಡಿ ಬಿಟ್ಟು ಎಣ್ಣೆಯಲ್ಲಿ ಕಲಸಿದ ಪೇಸ್ಟನ್ನೇ ಬಳಸಿ. ಕೊಠಡಿ ತಾಪದ ಕೆಲಸಕ್ಕೆ ಪ್ಲಂಬರ್‌ಗಳ ಟೆಫ್ಲಾನ್ ಟೇಪ್ ಇನ್ನೂ ಒಳ್ಳೆಯದು. ಬಿಲೆಟ್‌ಗೆ ಒಂದೇ ಪದರ ಬಿಗಿಯಾಗಿ ಸುತ್ತಿ, ಮೇಲೆ ತೆಳ್ಳಗೆ ಪೇಸ್ಟ್ ಹಚ್ಚಿ. ಬಿಲೆಟ್ ವ್ಯಾಸ 9.85ಕ್ಕೆ ಇಳಿಸಿಕೊಳ್ಳಿ, ಇಲ್ಲವಾದರೆ ಟೇಪ್ ಬಾಯಲ್ಲೇ ಸುಲಿದುಹೋಗುತ್ತದೆ.

ಚಾನೆಲ್ಲಿಗೆ ಅಲ್ಯುಮಿನಿಯಂ ಅಂಟಿದ್ದರೆ ಕೆರೆಯಬೇಡಿ. ಶೇ 10–15ರ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಮುಳುಗಿಸಿ, ಅಲ್ಯುಮಿನಿಯಂ ಕರಗಿಹೋಗುತ್ತದೆ, ಉಕ್ಕಿಗೆ ಏನೂ ಆಗುವುದಿಲ್ಲ. ಹೈಡ್ರೋಜನ್ ಬರುತ್ತದೆ, ಬಯಲಿನಲ್ಲಿ ಮಾಡಿ, ಕನ್ನಡಕ, ಕೈಗವಸು ಹಾಕಿ. ತೊಳೆದ ತಕ್ಷಣ ಒರೆಸಿ ತುಕ್ಕುನಿರೋಧಕ ಎಣ್ಣೆ ಹಚ್ಚಿ ಸಿಲಿಕಾ ಜೆಲ್ ಇಟ್ಟ ಡಬ್ಬಿಗೆ ಹಾಕಿ. ಮಡಿಕೇರಿಯ ಜುಲೈನಲ್ಲಿ ಒಂದು ರಾತ್ರಿ ಹಾಗೇ ಬಿಟ್ಟರೆ ಬೆಳಿಗ್ಗೆ ಚಾನೆಲ್ಲಿನಲ್ಲಿ ಕಂದು ಚುಕ್ಕೆ, ಪ್ರತಿ ಚುಕ್ಕೆಯೂ ಮುಂದೆ ಲೋಹ ಹಿಡಿಯುವ ಗುಂಡಿ.

ಕರೆಂಟ್ ಹೋದರೆ?

ಅನೀಲಿಂಗ್ ನಡುವೆ ಹೋದರೆ ಚಿಂತೆಯಿಲ್ಲ, ಬಂದ ಮೇಲೆ ಮತ್ತೆ ಮೊದಲಿನಿಂದ ಕಾಯಿಸಿ. 6061ನ್ನು 530 ಡಿಗ್ರಿಯಲ್ಲಿ ಕಾಯಿಸಿ (ತುಂಡು ಕರಗುವುದಿಲ್ಲ, ಸೇರಿಸಿದ ಧಾತುಗಳು ಅದರೊಳಗೆ ಬೆರೆಯುತ್ತವೆ) ನೀರಿಗೆ ಹಾಕುವ ಕೆಲಸದಲ್ಲಿ ಮಾತ್ರ ತಾಪ ಇಳಿದ ಮೇಲೆ ಹಾಕಿದರೆ ಫಲವಿಲ್ಲ. ನೀರಿಗೆ ಹಾಕಿದ ಮೇಲೆ ಒಂದು ಗಂಟೆಯೊಳಗೆ ಇಕ್ಯಾಪ್ ಮುಗಿಸಿ, ಕೂತಲ್ಲೇ ಅದು ಗಟ್ಟಿಯಾಗಲು ಶುರುವಾಗುತ್ತದೆ. ಆಮೇಲಿನ ಏಜಿಂಗ್ (ಕಡಿಮೆ ತಾಪದಲ್ಲಿಟ್ಟು ಗಟ್ಟಿ ಮಾಡುವುದು) ಮಾಮೂಲಿ 160–175 ಡಿಗ್ರಿಯಲ್ಲಿ ಬೇಡ, 100ರ ಆಸುಪಾಸಿನಲ್ಲಿ ಮಾಡಿ.

ಅಕ್ಕಸಾಲಿಗರ ರೋಲಿಂಗ್ ಮಿಷನ್ನಿನಲ್ಲಿ ಎಆರ್‌ಬಿ ಮಾಡಬಹುದೇ?

60 ಮಿ.ಮೀ. ವ್ಯಾಸದ ರೋಲು ಇರುವ ಮೋಟಾರ್ ಮಿಷನ್ ಆದರೆ ಮಾಡಬಹುದು. 0.5 ಮಿ.ಮೀ. ದಪ್ಪ, 20 ಮಿ.ಮೀ. ಅಗಲದ ಎರಡು ಪಟ್ಟಿ ಒಂದರ ಮೇಲೊಂದಿಟ್ಟು ಒಂದೇ ಪಾಸಿನಲ್ಲಿ ಮತ್ತೆ 0.5ಕ್ಕೆ ಇಳಿಸಬೇಕು. ಬೇಕಾದ ಬಲ 2 ಟನ್ ಹತ್ತಿರ. 1 ಮಿ.ಮೀ. ಪಟ್ಟಿ ಹಾಕಲು ಹೋದರೆ ಸಣ್ಣ ರೋಲು ಕಚ್ಚುವುದೇ ಕಷ್ಟ. ಚಿನ್ನದ ಕೆಲಸಕ್ಕೆ ಬಳಸುವ ರೋಲಿಗೆ ಅಲ್ಯುಮಿನಿಯಂ ಅಂಟಬಾರದು, ಹಳೆಯ ಮಿಷನ್ ಕೇಳಿ.

ಒಂದು ಸುತ್ತಿಗೆ ಸ್ಟ್ರೇನ್ 0.8, ಹತ್ತು ಸುತ್ತಿಗೆ 1,024 ಪದರ. ಅಂಟುವುದು ಅರ್ಧಕ್ಕರ್ಧ ಇಳಿತ ಒಂದೇ ಪಾಸಿನಲ್ಲಿ ಆದರೆ ಮಾತ್ರ, ಎರಡು ಪಾಸು ಮಾಡಿ ಇಳಿಸಿದರೆ ಹಾಳೆಗಳು ಬಿಚ್ಚಿಕೊಳ್ಳುತ್ತವೆ. ಅಸಿಟೋನ್‌ನಲ್ಲಿ ಒರೆಸಿ, ಸ್ಟೇನ್‌ಲೆಸ್ ತಂತಿ ಬ್ರಷ್‌ನಿಂದ ಮೈ ಬೂದುಬಣ್ಣಕ್ಕೆ ತಿರುಗುವವರೆಗೆ ಉಜ್ಜಿ, ಆಮೇಲೆ ಬೆರಳು ತಾಗಿಸದೆ ಕೆಲವೇ ನಿಮಿಷದಲ್ಲಿ ರೋಲ್ ಮಾಡಿ. ಮೊದಲು ಒರೆಸುವುದು, ಆಮೇಲೆ ಉಜ್ಜುವುದು. ಕ್ರಮ ತಿರುಗಿಸಿದರೆ ಬ್ರಷ್ಷು ಜಿಡ್ಡನ್ನು ಲೋಹದೊಳಗೇ ತುರುಕುತ್ತದೆ. ರೋಲಿಗೆ ಎಣ್ಣೆ ಬೇಡ. ಮೂಲೆಗಳನ್ನು ತೆಳು ತಂತಿಯಿಂದ ಕಟ್ಟಿ, 200 ಡಿಗ್ರಿಯಲ್ಲಿ ಐದು ನಿಮಿಷ ಬಿಸಿ ಮಾಡಿಕೊಂಡರೆ ಅಂಟು ಚೆನ್ನಾಗಿ ಕೂರುತ್ತದೆ. ಅಂಚಿನ ಬಿರುಕನ್ನು ಪ್ರತಿ ಸುತ್ತಿಗೂ ಕತ್ತರಿಸಿ ಎಸೆಯಿರಿ, ಬಿಟ್ಟರೆ ಮುಂದಿನ ಸುತ್ತಿಗೆ ನಡುವಿನವರೆಗೆ ಓಡುತ್ತದೆ.

ಗಡಸುತನ ಎರಡು ಪಟ್ಟಾಯಿತು. ಗ್ರೇನ್ ಸಣ್ಣದಾಯಿತು ಎನ್ನಬಹುದೇ?

ಇಲ್ಲ. ಅನೀಲ್ ಮಾಡಿದ ವಾಣಿಜ್ಯ ಶುದ್ಧ ಅಲ್ಯುಮಿನಿಯಂ 22–25 ವಿಕರ್ಸ್ (ಗಡಸುತನದ ಮಾಪನ) ಇದ್ದದ್ದು ನಾಲ್ಕೆಂಟು ಪಾಸಿಗೆ 45–50 ಆಗುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಮೊದಲ ಪಾಸಿನಲ್ಲೇ ಬಂದುಬಿಡುತ್ತದೆ, ಆಗಿನ್ನೂ ಒಳಗಿರುವುದು ಡಿಸ್‌ಲೊಕೇಶನ್ ಗೋಡೆಗಳೇ ಹೊರತು ಹೊಸ ಗ್ರೇನ್ ಅಲ್ಲ. ಗಡಸು ನಿಂತ ಮೇಲೂ ಗಡಿಗಳ ಕೋನ ಏರುತ್ತಲೇ ಇರುತ್ತದೆ. ಎಕ್ಸ್‌ರೇ ಶಿಖರದ ಅಗಲದಿಂದ ತೆಗೆದ 60–80 ನ್ಯಾನೊಮೀಟರ್ ಅಂಕಿಯೂ ಗ್ರೇನ್ ಗಾತ್ರವಲ್ಲ, ಅದು ಗ್ರೇನ್ ಒಳಗಿನ ಸಣ್ಣ ಕೋಶಗಳದ್ದು. ವಿದ್ಯಾರ್ಥಿ ವರದಿಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದೇ. ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಅರ್ಧ ಮೈಕ್ರಾನ್ ಗ್ರೇನ್ ನಂಬುವಷ್ಟು ಕಾಣುವುದಿಲ್ಲ. ಬೇಕಾದದ್ದು ಇಬಿಎಸ್‌ಡಿ ಅಥವಾ ಟಿಇಎಂ, ಎರಡೂ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ವಿಧಾನಗಳು; ಮೊದಲನೆಯದು ಪ್ರತಿ ಬಿಂದುವಿನಲ್ಲೂ ಹರಳಿನ ದಿಕ್ಕು ಅಳೆಯುತ್ತದೆ. ಇಬಿಎಸ್‌ಡಿಯಲ್ಲಿ ಹೆಜ್ಜೆ 50–100 ನ್ಯಾನೊಮೀಟರ್ ಇರಲಿ, 15 ಡಿಗ್ರಿ ಮೀರಿದ ಗಡಿ ಶೇಕಡಾ ಎಷ್ಟು ಎಂಬುದನ್ನೂ ಕೇಳಿ ಪಡೆಯಿರಿ.

ನಿರೀಕ್ಷೆಯೂ ಅಳತೆಯಲ್ಲಿರಲಿ. ಅತಿಶುದ್ಧ ಅಲ್ಯುಮಿನಿಯಂ ಎಷ್ಟು ಪಾಸು ಹಾಕಿದರೂ 1.2 ಮೈಕ್ರಾನ್ ಹತ್ತಿರ ನಿಲ್ಲುತ್ತದೆ. ಅದರ ಡಿಸ್‌ಲೊಕೇಶನ್‌ಗಳು ಸುಲಭವಾಗಿ ಏರಿಳಿದು ಒಂದನ್ನೊಂದು ಅಳಿಸಿಹಾಕುತ್ತವೆ. ಶೇ 3 ಮೆಗ್ನೀಸಿಯಂ ಸೇರಿಸಿದರೆ ಆ ಓಡಾಟಕ್ಕೆ ತಡೆ ಬೀಳುತ್ತದೆ, 0.3 ಮೈಕ್ರಾನ್‌ಗೆ ಇಳಿಯುತ್ತದೆ. ತಾಮ್ರವೂ 0.2–0.3ರ ಸುತ್ತ.

ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಡ್ರಮ್ಮಿನ ತಾಮ್ರದ ತಗಡಿಗೆ ಇದನ್ನು ಬಳಸಿದರೆ ಹೆಚ್ಚು ಬಾಳುತ್ತದೆಯೇ?

ಬೆಳೆಗಾರರು ಕೇಳುವ ಒಳ್ಳೆಯ ಪ್ರಶ್ನೆ, ಉತ್ತರ ಮಾತ್ರ ಬೇಡ ಎಂದೇ. ಆ ತಗಡಿನ ಮೇಲಿನ ಗುಬ್ಬಿಗಳನ್ನು ಒತ್ತಿ ಎಬ್ಬಿಸುವಾಗ ತಾಮ್ರ ಹಿಗ್ಗಬೇಕು. ಅತಿಸೂಕ್ಷ್ಮ ಗ್ರೇನ್ ತಾಮ್ರ ಒಂದೇ ಸಮ ಹಿಗ್ಗುವುದು ಶೇ 1–3 ಮಾತ್ರ, ಅಲ್ಲಿಂದ ಮುಂದೆ ಒಂದೇ ಕಡೆ ತೆಳ್ಳಗಾಗಿ ಹರಿಯುತ್ತದೆ. ಗುಬ್ಬಿಯ ತುದಿಯಲ್ಲೇ ಬಿರುಕು. ಹಿಗ್ಗಲಿ ಎಂದು 200 ಡಿಗ್ರಿಗೆ ಕಾಯಿಸಿದರೆ ಪಟ್ಟ ಶ್ರಮವೆಲ್ಲ ಅಲ್ಲೇ ಕರಗುತ್ತದೆ, ಶುದ್ಧ ತಾಮ್ರ ಆ ತಾಪದಲ್ಲಿ ಮತ್ತೆ ದಪ್ಪ ಗ್ರೇನ್ ಕಟ್ಟಿಕೊಳ್ಳುತ್ತದೆ. ಗಡಸು ಹೆಚ್ಚಿದರೆ ಸವೆತ ಕಮ್ಮಿಯಾಗಲೇಬೇಕೆಂಬ ನಿಯಮವೂ ಇಲ್ಲ. ಬೆಸುಗೆ ಹಾಕಬೇಕಾದ ಯಾವ ಭಾಗಕ್ಕೂ ಇದೇ ಮಾತು.

ಒಡಿಕತ್ತಿ, ಕಳೆ ಕತ್ತರಿಸುವ ಬ್ಲೇಡು? ಕಮ್ಮಾರರು ಬಡಿಯುವುದೂ ಇದೇ ಅಲ್ಲವೇ?

ಅಲ್ಲ. ಕೆಂಪಗೆ ಕಾದ ಕಬ್ಬಿಣವನ್ನು ಬಡಿದಾಗ ಸೇರಿದ ಸ್ಟ್ರೇನ್ ಆ ಬಿಸಿಯಲ್ಲೇ ಅಳಿದು ಹೊಸ ಗ್ರೇನ್ ಹುಟ್ಟುತ್ತದೆ, ಅವು ಸಾಮಾನ್ಯವಾಗಿ ಹತ್ತಾರು ಮೈಕ್ರಾನ್. ಅಂಚಿನ ಹರಿತ ನಿಲ್ಲುವುದು ಇಂಗಾಲ ಇರುವ ಉಕ್ಕನ್ನು ನೀರು–ಎಣ್ಣೆಯಲ್ಲಿ ಅದ್ದಿ ಹದ ಕೊಡುವುದರಿಂದ. ಹದ ಕೊಟ್ಟ ಉಕ್ಕು ಈಗಾಗಲೇ ನಮ್ಮ ಯಾವ ಡೈಗೂ ಬಗ್ಗದಷ್ಟು ಗಟ್ಟಿ. ಬ್ಲೇಡಿಗೂ ಅದೇ.

ಹಾಗಾದರೆ ಪ್ರಯೋಜನ ಎಲ್ಲಿ ಎಂದರೆ, ಮಿಶ್ರಲೋಹ ಸೇರಿಸುವಂತಿಲ್ಲ ಆದರೆ ಬಲ ಬೇಕು ಎನ್ನುವ ಕಡೆ. ಶುದ್ಧ ಟೈಟಾನಿಯಂನ ಹಲ್ಲಿನ ಇಂಪ್ಲಾಂಟ್ ಒಂದು. ಚಿಪ್ ತಯಾರಿಕೆಯಲ್ಲಿ ಪದರ ಕೂರಿಸಲು ಬಳಸುವ ಅಲ್ಯುಮಿನಿಯಂ, ತಾಮ್ರದ ಸ್ಪಟರಿಂಗ್ ಟಾರ್ಗೆಟ್ ಇನ್ನೊಂದು.

ಸುರತ್ಕಲ್‌ಗೋ ಬೆಂಗಳೂರಿಗೋ ಮಾದರಿ ಕಳಿಸುವಾಗ ಏನು ಗಮನಿಸಬೇಕು?

ಎನ್‌ಐಟಿಕೆಯಲ್ಲೂ ಐಐಎಸ್‌ಸಿಯಲ್ಲೂ ಲೋಹ, ಮೆಟೀರಿಯಲ್ಸ್ ವಿಭಾಗಗಳಿವೆ. ಮೊದಲೇ ಮಾತಾಡಿ ಯಾವ ಅಳತೆಯ ತುಂಡು ಬೇಕೆಂದು ಕೇಳಿಕೊಳ್ಳಿ. ಕತ್ತರಿಸಲು ಆಂಗಲ್ ಗ್ರೈಂಡರ್ ಹಿಡಿಯಬೇಡಿ, ಕಡಿದ ಜಾಗ ನೀಲಿ ತಿರುಗುವಷ್ಟು ಬಿಸಿಯಾದರೆ ತಾಮ್ರದ ಗ್ರೇನ್ ಅಲ್ಲಿಗೆ ಮುಗಿಯಿತು. ಕೈ ಹ್ಯಾಕ್ಸಾ ಅಥವಾ ನೀರು ಹಾಯುವ ವೈರ್ ಕಟ್ ಇರಲಿ. ಬಿಲೆಟ್ ಉದ್ದಕ್ಕೆ ಸಮಾನಾಂತರವಾದ ಮುಖ ಯಾವುದು, ಕೊನೆಯ ಪಾಸಿನಲ್ಲಿ ಮೇಲಿದ್ದ ಬದಿ ಯಾವುದು ಎಂದು ತುಂಡಿನ ಮೇಲೇ ಗೀರಿ.

ಪಾಲಿಶ್‌ಗೆ ಮುನ್ನ ಬೇಕಲೈಟ್‌ನಲ್ಲಿ ಬಿಸಿ ಮೌಂಟ್ ಮಾಡುವ ವಾಡಿಕೆ ಎಲ್ಲ ಕಾಲೇಜಿನಲ್ಲೂ ಇದೆ. ಅದರ ತಾಪ 150–180 ಡಿಗ್ರಿ, ಎಂಟು ಪಾಸು ತಳ್ಳಿದ ಶುದ್ಧ ತಾಮ್ರ ಅಷ್ಟಕ್ಕೇ ಮೆತ್ತಗಾಗಲು ಶುರುವಾಗುತ್ತದೆ. ಚೀಟಿಯಲ್ಲಿ ‘ತಣ್ಣನೆಯ ಎಪಾಕ್ಸಿ ಮೌಂಟ್ ಮಾತ್ರ’ ಎಂದು ದೊಡ್ಡದಾಗಿ ಬರೆದು ಅಂಟಿಸಿ. ಇಬಿಎಸ್‌ಡಿಗೆ ಬೇಕಾದ ಪರ್‌ಕ್ಲೋರಿಕ್ ಆಮ್ಲದ ಎಲೆಕ್ಟ್ರೋಪಾಲಿಶ್ ಅನ್ನು ಇಲ್ಲೇ ಮಾಡಲು ಹೋಗಬೇಡಿ, ಸಾವಯವ ವಸ್ತುವಿನ ಜೊತೆ ಅದು ಸ್ಫೋಟಿಸಬಲ್ಲದು. ಅದಕ್ಕೆಂದೇ ಕಟ್ಟಿದ ಫ್ಯೂಮ್ ಹುಡ್ ಇರುವಲ್ಲಿಯೇ ಅದು ಆಗಲಿ. ತೇವ ತಾಗದಂತೆ ತುಂಡನ್ನು ಜಿಪ್ ಕವರಿನಲ್ಲಿ ಸಿಲಿಕಾ ಜೆಲ್ ಜೊತೆ ಹಾಕಿ. ಹೋಲಿಕೆಗೆ ಅದೇ ರಾಡಿನ ಪಾಸ್ ಮಾಡದ, ಅನೀಲ್ ಮಾತ್ರ ಮಾಡಿದ ಒಂದು ತುಂಡನ್ನೂ ಅದೇ ಕವರಿನಲ್ಲಿಡಿ.